ಸುಡದ ಬತ್ತಿ

ಹಿತ್ತಲ ಶೆಡ್ಡಿನ ಮಾಡಿಗೆ ಹೊದಿಸಿದ ಸಿಮೆಂಟ್ ಪತ್ರಾ ತೆಗೆಸುವವರೆಗೆ ಈ ಮನೆಯಲ್ಲಿ ಒಂದು ತುತ್ತೂ ಮುಟ್ಟುವುದಿಲ್ಲ ಎಂದು ಸಿದ್ರಾಮ ಘೋಷಿಸಿದ. ಘೋಷಿಸಿದ್ದು ಎರಡು ರೊಟ್ಟಿ, ಬದನೆಕಾಯಿ ಪಲ್ಯ, ಮೇಲೊಂದಿಷ್ಟು ಮಜ್ಜಿಗೆ ಅನ್ನ ಮುಗಿಸಿ ಕೈತೊಳೆದ ಮೇಲೆ. ಸೊಸೆ ಮಂಗಲ ತಾಟು ಎತ್ತಿಕೊಂಡು ಹೋದಳು. ಮಗ ಬಸಗೊಂಡ ತನ್ನ ತಾಟಿನಲ್ಲಿದ್ದ ಶೇಂಗಾ ಚಟ್ನಿಯನ್ನು ಬೆರಳಿನಿಂದ ಅತ್ತ ಇತ್ತ ತಳ್ಳುತ್ತ ಕೂತಿದ್ದ.

"ಅಪ್ಪಾ, ಮಳಿಗಾಲ ಬಂದು ಕುಂತೈತಿ. ಈಗ ಪತ್ರಾ ತಗದ್ರ ಮಗ್ಗ ಎಲ್ಲಿ ಇಡ್ಲಿ? ನಡುಮನ್ಯಾಗ ಇಡ್ಲಿ?"

"ಮಾರು."

"ಏನ್ ಮಾರು?"

"ಮಗ್ಗ ಮಾರು. ನಿಮ್ಮವ್ವನ ಎದಿಯಾಗ ನೀರು ತುಂಬೇತಿ. ನಿನಗ ಮಗ್ಗ ಹೆಚ್ಚಾತು?"

"ಹಳೂ ಮಾತಾಡ್ರಿ," ಎಂದಳು ಮಂಗಲ ಅಡುಗೆಮನೆಯಿಂದ. "ಅತ್ತಿ ಎಚ್ಚರ ಅದಾರ."

ಅತ್ತೆ ಅನ್ನವ್ವ ಪಕ್ಕದ ಕೋಣೆಯಲ್ಲಿ ಎರಡು ದಿಂಬಿಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಶುರುವಾದ ದಮ್ಮು ಯುಗಾದಿಗೆ ಜಾಸ್ತಿಯಾಗಿ, ಬೇಸಿಗೆಯಲ್ಲಿ ಎರಡು ಸಲ ಕೊಲ್ಹಾಪುರಕ್ಕೆ ಒಯ್ದು ಬೆನ್ನಿಗೆ ಸೂಜಿ ಹಾಕಿ ನೀರು ತೆಗೆಸಿದ್ದರು. ಹೋದ ವಾರ ಎದೆಯೊಳಗಿನ ತುಣುಕು ತೆಗೆದು ನೋಡಿದ ವರದಿ ಬಂತು. ಪುಪ್ಪುಸದ ಸುತ್ತಲಿನ ತೆಳು ಪದರಿಗೆ ಕ್ಯಾನ್ಸರ್. ಇಂಥದು ಬರುವುದು ಹೆಚ್ಚಾಗಿ ಆಸ್ಬೆಸ್ಟಾಸ್ ಧೂಳಿನಿಂದ ಎಂದು ಡಾಕ್ಟರು ಮರಾಠಿಯಲ್ಲಿ ಹೇಳಿದರು. ಆಸ್ಬೆಸ್ಟಾಸ್ ಅಂದರೆ ಏನೆಂದು ಬಸಗೊಂಡ ಕೇಳಿದ್ದಕ್ಕೆ, ಈ ಸಿಮೆಂಟ್ ಪತ್ರಾ ಇರುತ್ತವಲ್ಲ, ಅದರೊಳಗೆ ಇರುತ್ತದೆ ಎಂದರು. ಅಷ್ಟು ಸಾಕಾಯಿತು. ಮೂರು ವರ್ಷದ ಹಿಂದೆ ಬಸಗೊಂಡ ಮಗ್ಗದ ಶೆಡ್ಡಿಗೆ ಸಿಮೆಂಟ್ ಪತ್ರಾ ಹಾಕಿಸಿದ್ದ. ಮಷೀನಿನಿಂದ ಅವನ್ನು ಕೊಯ್ಯುವಾಗ ಅಂಗಳದಲ್ಲೆಲ್ಲ ಬೂದಿಯಂಥ ಧೂಳು ಬಿದ್ದಿತ್ತು, ಅನ್ನವ್ವನೇ ಕಸಬರಿಗೆ ಹಿಡಿದು ಗುಡಿಸಿದ್ದಳು.

ಸಿದ್ರಾಮ ಫೌಜಿನಲ್ಲಿ ಇಪ್ಪತ್ತೆರಡು ವರ್ಷ ಗಾಡಿ ರಿಪೇರಿ ಮಾಡಿ ಹವಾಲ್ದಾರನಾಗಿ ಮನೆಗೆ ಬಂದವನು. ಗಾಡಿ ನಿಂತಿದೆ ಎಂದರೆ ಎಲ್ಲೋ ಒಂದು ಭಾಗ ಕೆಟ್ಟಿರಲೇಬೇಕು, ಅದನ್ನು ಹುಡುಕಿ ತೆಗೆದರೆ ಗಾಡಿ ನಡೆಯುತ್ತದೆ ಎಂಬುದು ಅವನ ನಂಬಿಕೆ. ಈ ಮನೆಯ ಕೆಟ್ಟ ಭಾಗ ಯಾವುದೆಂದು ಅವನು ಕೊಲ್ಹಾಪುರದಿಂದ ಇಚಲಕರಂಜಿಗೆ ಬರುವ ಬಸ್ಸಿನಲ್ಲೇ ತೀರ್ಮಾನಿಸಿಬಿಟ್ಟಿದ್ದ.

ಇನ್ನೊಂದು ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ. ಬಸಗೊಂಡ ಔಷಧಿ ತರಲು ಹೋದಾಗ, ಅನ್ನವ್ವನನ್ನು ಹೊರಗಿನ ಬೆಂಚಿನಲ್ಲಿ ಬಿಟ್ಟು, ಡಾಕ್ಟರು ಸಿದ್ರಾಮನೊಬ್ಬನನ್ನೇ ಒಳಗೆ ಕೂರಿಸಿಕೊಂಡು, ಆಕೆಗೆ ದೀಪಾವಳಿಯವರೆಗೆ ಎಂದು ಇಟ್ಟುಕೊಳ್ಳಿ ಎಂದಿದ್ದರು.

ಮಗ್ಗಗಳು ನಿಂತವು. ಆರು ಮಗ್ಗ, ಎರಡು ಪಾಳಿ ದುಡಿಯುತ್ತಿದ್ದ ಇಬ್ಬರು ಕೆಲಸದವರು. ಅವರು ಪಕ್ಕದ ಓಣಿಯ ಶೆಡ್ಡಿಗೆ ಹೋದರು. ಇಚಲಕರಂಜಿಯ ಈ ಮಗ್ಗದ ಕೇರಿ ಶಹಾಪುರದಲ್ಲಿ ಹುಟ್ಟಿ ಬೆಳೆದವರ ಕಿವಿಗೆ ಮಗ್ಗದ ಸದ್ದು ಇರುವುದೇ ಗೊತ್ತಾಗುವುದಿಲ್ಲ, ನಿಂತಾಗ ಮಾತ್ರ ಗೊತ್ತಾಗುತ್ತದೆ. ಮಂಗಲ ಒಗ್ಗರಣೆ ಹಾಕಿದರೆ ಸಾಸಿವೆ ಸಿಡಿಯುವುದು ಅಂಗಳದವರೆಗೆ ಕೇಳುತ್ತಿತ್ತು.

"ಮಗ್ಗ ಯಾಕ ನಿಂತಾವ?" ಎಂದು ಅನ್ನವ್ವ ಮೊದಲ ದಿನವೇ ಕೇಳಿದಳು.

"ಕರೆಂಟ್ ಇಲ್ಲವ್ವಾ," ಎಂದ ಬಸಗೊಂಡ.

ಅನ್ನವ್ವ ತಲೆ ಎತ್ತಿ, ತಿರುಗುತ್ತಿದ್ದ ಫ್ಯಾನನ್ನು ನೋಡಿದಳು. "ಹೌದನ," ಎಂದು ಕಣ್ಣು ಮುಚ್ಚಿಕೊಂಡಳು.

ಮಂಗಲ ಸಂಜೆ ಹೊತ್ತು ನೆರೆಯವರ ಸೀರೆಗಳಿಗೆ ಫಾಲ್ ಹಚ್ಚಲು ಕೂತಳು. ಹನ್ನೊಂದು ವರ್ಷದ ಮಗಳು ಪ್ರಾಜಕ್ತಾ ಶಾಲೆಯಿಂದ ಬಂದು, ನಿಂತ ಮಗ್ಗಗಳ ನಡುವೆ ಹಗ್ಗದಾಟ ಆಡಿದಳು. ಯಾರೂ ಬೈಯಲಿಲ್ಲ. ಮನೆಯಲ್ಲಿ ಎಲ್ಲವೂ ನಡೆಯುತ್ತಿತ್ತು, ಯಾವುದರ ಮೇಲೂ ಯಾರ ಮನಸ್ಸೂ ಇರಲಿಲ್ಲ. ಹಾಲು ಉಕ್ಕಿದರೆ ಉಕ್ಕಿತು, ಸಾರಿಗೆ ಉಪ್ಪು ಕಡಿಮೆಯಾದರೆ ಹಾಗೇ ಉಂಡೆದ್ದರು.

ಮೃಣಾಲ ಬಂದದ್ದು ಅದೇ ವಾರ. ಕೊಲ್ಹಾಪುರದ ಒಂದು ಸಣ್ಣ ಸಂಸ್ಥೆಯ ನರ್ಸು, ಉದಗಾಂವದ ಜೈನರ ಹುಡುಗಿ. ಫೌಜಿನ ವರ್ಕ್‌ಶಾಪುಗಳಲ್ಲಿ ದುಡಿದವರನ್ನೂ ಅವರ ಹೆಂಡತಿ ಮಕ್ಕಳನ್ನೂ ಊರೂರು ಹುಡುಕಿ, ಎದೆಯ ಎಕ್ಸ್‌ರೇ ಫೋಟೋ ತೆಗೆಸಿ, ವರ್ಷವರ್ಷ ವಿಚಾರಿಸಿಕೊಳ್ಳುವುದು ಆ ಸಂಸ್ಥೆಯ ಕೆಲಸ. ಅನ್ನವ್ವನ ವಿಷಯವನ್ನು ಡಾಕ್ಟರೇ ಅವಳಿಗೆ ತಿಳಿಸಿದ್ದರು. ಅನ್ನವ್ವ ಔಷಧಿ ಕುಡಿದು ನಿದ್ದೆಯಲ್ಲಿದ್ದಳು, ಬಸಗೊಂಡ ನೂಲಿನ ವ್ಯಾಪಾರಿಯ ಹತ್ತಿರ ಹೋಗಿದ್ದ. ಮಂಗಲ ಪೋಹೆ ತಂದಿಟ್ಟಳು.

"ಉಳ್ಳಾಗಡ್ಡಿ ಹಾಕೀರೇನ್ರಿ ವೈನಿ?"

"ಅಯ್ಯ, ಹಾಕೇನ್ರಿ. ತಡೀರಿ, ಬ್ಯಾರೆ ಮಾಡ್ತೀನಿ."

"ಬ್ಯಾಡ್ರಿ. ಹೊತ್ತು ಮುಳಗೂದ್ರಾಗ ಮನಿ ಮುಟ್ಟಿ ಊಟ ಮಾಡಬೇಕು. ಬರೇ ಚಹಾ ಸಾಕ್ರಿ."

ಮಂಗಲ ಚಹಾ ಇಡಲು ಒಳಗೆ ಹೋದಳು. ಸಿದ್ರಾಮ ಎದ್ದು ಹೋಗಿ ಕಿಟಕಿಯಿಂದ ಶೆಡ್ಡಿನ ಮಾಡನ್ನು ತೋರಿಸಿದ. "ಅಲ್ಲಿ ಐತಿ ನೋಡ್ರಿ ಬಾಯಾರ. ನನ್ನ ಮಗಾ ಹಾಕಿಸಿದ್ದು."

ಮೃಣಾಲ ನೋಡಿದಳು. "ಯಾವಾಗ ಹಾಕಿದ್ದ್ರಿ?"

"ಮೂರು ವರ್ಷ ಆತು."

"ಹಂಗಾದ್ರ ಇದಲ್ರಿ ಅಜ್ಜಾರ. ಈ ಬ್ಯಾನಿ ಒಳಗ ಹೊಕ್ಕು ಹೊರಗ ಕಾಣಾಕ ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಬೇಕು. ಮೂರು ವರ್ಷದ ಪತ್ರಾದಿಂದ ಬರಂಗಿಲ್ಲ. ಅದನ್ನ ಒಡಿಯಾಕ ಹೋಗಬ್ಯಾಡ್ರಿ, ಒಡದ್ರನ ಧೂಳ ಏಳೂದು. ಮನ್ಯಾಗ ಎಲ್ಲಾರಿಗೂ ಹೇಳ್ರಿ." ಅವಳು ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. "ನೀವು ವರ್ಕ್‌ಶಾಪ್‌ನ್ಯಾಗ ಏನೇನ ಕೆಲಸ ಮಾಡ್ತಿದ್ರಿ?"

ಸಿದ್ರಾಮ ಹುರುಪಿನಿಂದ ಹೇಳಿದ. ಬ್ರೇಕು, ಕ್ಲಚ್ಚು, ಜನರೇಟರು, ಸೈಲೆನ್ಸರು. ಕೆಲಸದ ಬಟ್ಟೆ ಒಗೆಯುತ್ತಿದ್ದವನು ಅಲ್ಲಿಯ ಧೋಬಿ. ತಾನು ರಜೆಗೆ ಬರುವಾಗ ಇಸ್ತ್ರಿ ಮಾಡಿದ ಪ್ಯಾಂಟು ಷರ್ಟು.

"ಬ್ಯಾರೆ ಏನರ ಮನಿಗೆ ತಂದಿದ್ರೇನು? ನೆನಪ ಮಾಡಿಕೊಂಡು ಹೇಳ್ರಿ. ಸೈಲೆನ್ಸರಿಗೆ ಸುತ್ತೂ ಬಿಳೇ ಹಗ್ಗ ಇರತಿತ್ತಲ್ಲ, ಅದು ಪೂರಾ ಆಸ್ಬೆಸ್ಟಾಸ್ ರಿ. ಕಲ್ಲಿಂದ ತಗದ ನಾರು. ಬೆಂಕ್ಯಾಗ ಹಾಕಿದ್ರೂ ಸುಡಂಗಿಲ್ಲ."

ಸಿದ್ರಾಮನ ಕಣ್ಣು ತಾನಾಗಿ ದೇವರ ಜಗಲಿಯ ಕಡೆ ಹೋಯಿತು. ಅಲ್ಲಿ ಹಿತ್ತಾಳೆಯ ನಂದಾದೀಪ ಉರಿಯುತ್ತಿತ್ತು. ಅದರ ಬತ್ತಿ ಆ ಹಗ್ಗದ್ದು.

ಮದುವೆಯಾದ ಹೊಸತರಲ್ಲಿ ಒಂದು ರಜೆಗೆ ಬರುವಾಗ ಅವನು ಟ್ರಂಕಿಗೆ ಅಂಥ ಹಗ್ಗದ ತುಂಡು ಬಿಗಿದುಕೊಂಡು ಬಂದಿದ್ದ. ಅದರ ತುದಿ ಒಲೆಗೆ ಬಿದ್ದರೂ ಸುಡದೆ ಇದ್ದದ್ದನ್ನು ಅನ್ನವ್ವ ನೋಡಿದಳು. ಎಳೆ ಬಿಡಿಸಿ, ಹಿಂಜಿ, ತೊಡೆಯ ಮೇಲೆ ಹೊಸೆದು ಬತ್ತಿ ಮಾಡಿದಳು. ಎಣ್ಣೆ ತೀರುತ್ತಿತ್ತು, ಬತ್ತಿ ತೀರುತ್ತಿರಲಿಲ್ಲ. ಓಣಿಯ ಹೆಂಗಸರು ಬಂದು ನೋಡಿ ಕೈಮುಗಿದರು. ಆಮೇಲಿಂದ ಪ್ರತಿ ರಜೆಗೂ ಅನ್ನವ್ವ ಸೀರೆ ಕೇಳಲಿಲ್ಲ, ಹಗ್ಗ ಕೇಳಿದಳು. ಮನೆತನದ ಯಾವ ಹೆಣ್ಣುಮಗಳು ಗಂಡನ ಮನೆಗೆ ಹೊರಟರೂ ಉಡಿಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಜೊತೆಗೆ ಎರಡು ಫೌಜಿ ಬತ್ತಿ ಹಾಕುವುದು ಪದ್ಧತಿಯಾಯಿತು. ಗಡಹಿಂಗ್ಲಜದಲ್ಲಿ ಮಗಳು ಸಾರಿಕಾ, ಮುರಗೂಡದಲ್ಲಿ ಅನ್ನವ್ವನ ತಂಗಿ ದುಂಡವ್ವ, ಇನ್ನೂ ಎಲ್ಲೆಲ್ಲೋ ಆ ಬತ್ತಿ ಹೋಗಿತ್ತು.

"ಅಜ್ಜಾರ?"

"ಇಲ್ರಿ," ಎಂದ ಸಿದ್ರಾಮ. "ಏನೂ ತಂದಿಲ್ಲ."

ಯಾಕೆ ಹಾಗೆಂದ ಎಂದು ಕೇಳಿದರೆ, ಅದು ಸರಕಾರಿ ಸಾಮಾನು, ಪಿಂಚಣಿಗೆ ಕುತ್ತು ಬಂದೀತು ಎಂಬ ಹೆದರಿಕೆ ಎನ್ನಬಹುದು. ನಟ್ಟು ತಿರುಗಿಸುವ ಒಂದು ಪಾನಾ ಕಳೆದುಹೋದದ್ದಕ್ಕೆ ತನ್ನ ಕೈಕೆಳಗಿನ ಹುಡುಗರನ್ನು ಬಿಸಿಲಲ್ಲಿ ನಿಲ್ಲಿಸಿದ್ದ ಮನುಷ್ಯ ಅವನು. ಆದರೆ ಅದು ಅರ್ಧ ಕಾರಣ. ಉಳಿದರ್ಧ ಇಷ್ಟೇ: ಕೆಟ್ಟ ಭಾಗ ತಾನೇ ಎಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ.

ಮೃಣಾಲ ಚಹಾ ಕುಡಿದು, ಎಲ್ಲರೂ ಒಮ್ಮೆ ಕೊಲ್ಹಾಪುರಕ್ಕೆ ಬಂದು ಫೋಟೋ ತೆಗೆಸಿಕೊಳ್ಳಿ ಎಂದು ಹೇಳಿ, ಸ್ಕೂಟಿ ಏರಿ ಹೋದಳು.

"ಏನಂದ್ಲು ಆಕಿ?" ಎಂದು ರಾತ್ರಿ ಊಟಕ್ಕೆ ಕೂತಾಗ ಬಸಗೊಂಡ ಕೇಳಿದ.

"ಏನಿಲ್ಲ. ಫೋಟೋ ತಗಸ್ರಿ ಅಂದ್ಲು."

"ಪತ್ರಾದ್ದು?"

ಸಿದ್ರಾಮ ರೊಟ್ಟಿ ಮುರಿದ. "ಅದರ ಅವಸರ ಬ್ಯಾಡ. ಮಳಿಗಾಲ ಮುಗೀಲಿ."

ಬಸಗೊಂಡ ತಂದೆಯ ಮುಖ ನೋಡಿದ. "ಹೋದ ವಾರ ತುತ್ತು ಮುಟ್ಟಂಗಿಲ್ಲ ಅಂದಿ. ಈ ವಾರ ಅವಸರ ಬ್ಯಾಡ ಅಂತಿ. ಕೆಲಸದವ್ರನ್ನ ಬಿಟ್ಟಾತು. ನಾ ಏನ್ ಮಾಡ್ಲಿ ಹೇಳು."

"ಮಗ್ಗ ಮಾರಬ್ಯಾಡ."

"ಅವ್ವನ ಕೊಂದವಾ ಅಂತ ಓಣಿ ತುಂಬ ನೀನ ಹೇಳಿ ಬಂದೀದಿ. ಕಟಿಂಗ್ ಅಂಗಡ್ಯಾಗ ಮಂದಿ ನನ್ನ ಮುಖಾ ನೋಡಿ ಮಾತು ನಿಲ್ಲಸ್ತಾರ. ಆ ಶೆಡ್ಡಿನ್ಯಾಗ ನಾ ಇನ್ನ ಹೆಂಗ ಕಾಲ ಇಡ್ಲಿ?"

ಮಂಗಲ ಸಿದ್ರಾಮನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಬೇಡ ಎಂದು ಹೇಳುವುದನ್ನೂ ಮರೆತು ಅವನು ಅದನ್ನು ತಿಂದ.

ಆಮೇಲಿನ ದಿನಗಳು ಹಾಗೆಯೇ ಕಳೆದವು. ಸಿದ್ರಾಮ ಬೆಳಿಗ್ಗೆ ಎದ್ದು ಸ್ನಾನ ಮಾಡಿ, ವಿಭೂತಿ ಹಚ್ಚಿ, ಆ ದೀಪದ ಮುಂದೆ ಕೂತು ಲಿಂಗಪೂಜೆ ಮಾಡುತ್ತಿದ್ದ. ದೀಪವನ್ನು ಆರಿಸಲು ಕೈ ಎತ್ತುತ್ತಿದ್ದ, ಇಳಿಸುತ್ತಿದ್ದ. ಆರಿಸಿದರೆ ಯಾಕೆ ಎಂದು ಅನ್ನವ್ವ ಕೇಳುತ್ತಾಳೆ. ಟ್ರಂಕಿನಲ್ಲಿ ಉಳಿದ ಹಗ್ಗದ ಸಿಂಬೆಯನ್ನು ಪಂಚಗಂಗಾ ಹೊಳೆಗೆ ಎಸೆದು ಬಂದರಾಯಿತು ಎಂದು ಒಮ್ಮೆ ಯೋಚಿಸಿದ. ಟ್ರಂಕು ಅನ್ನವ್ವನ ಮಂಚದ ಕೆಳಗಿತ್ತು, ಕೀಲಿ ಅವಳ ಸೊಂಟದಲ್ಲಿತ್ತು. ನಾಳೆ ನೋಡೋಣ ಎಂದುಕೊಂಡ. ಫೌಜಿನಲ್ಲಿದ್ದಾಗ ಯಾವ ಕೆಲಸವನ್ನೂ ನಾಳೆಗೆ ಬಿಟ್ಟವನಲ್ಲ ಎಂದು ಹೇಳಿಕೊಳ್ಳುತ್ತಿದ್ದ ಹವಾಲ್ದಾರ, ಈಗ ನಾಳೆಗಳನ್ನು ಸಾಲಾಗಿ ನಿಲ್ಲಿಸಿ ಬಿಟ್ಟ.

ಮೂರನೆಯ ಸಲ ನೀರು ತೆಗೆಸಿದ ಮೇಲೆ ಅನ್ನವ್ವನಿಗೆ ಒಂದಿಷ್ಟು ಹಗುರಾಯಿತು. ಆ ರವಿವಾರ ಸಾರಿಕಾ ಗಡಹಿಂಗ್ಲಜದಿಂದ ಬಂದಳು, ಚೀಲದಲ್ಲಿ ಸಂಕೇಶ್ವರಿ ಮೆಣಸಿನಕಾಯಿ, ಡಬ್ಬಿಯಲ್ಲಿ ತಾಯಿಗೆ ಇಷ್ಟವಾದ ಹೆಸರುಬೇಳೆ ಪಾಯಸ. ಬಂದವಳೇ ಬಾಗಿಲಲ್ಲಿ ನಿಂತು ಕೆಮ್ಮಿದಳು.

"ನಿನಗೇನಾತ?" ಎಂದಳು ಅನ್ನವ್ವ.

"ಬಸ್ಸಿನ ಧೂಳವಾ. ಮುರಗೂಡಾಗ ದುಂಡವ್ವ ಚಿಗವ್ವನ ಮೊಮ್ಮಗಳ ಮದಿವಿ ಗೊತ್ತಾಗೇತಿ. ಉಡಿಯಾಗ ಹಾಕಾಕ ಬತ್ತಿ ಬೇಕಂತ. ಅಕ್ಕನ ಕೈಲೇ ಆಗ್ಲಿ ಅಂತ ಭಾಳ ಆಸೆ ಐತಿ ಆಕಿಗೆ. ನಿನಗ ಆಗಂಗಿಲ್ಲ ಅಂದ್ರ ಹಗ್ಗ ಕೊಡು, ನಾನ ಹೊಸದ ಒಯ್ತೀನಿ."

"ಯಾಕ ಆಗಂಗಿಲ್ಲ? ಟ್ರಂಕ ತಗಿ."

ಸಿದ್ರಾಮ ಆಗ ಕಾಯಿಪಲ್ಲೆ ತರಲು ಪೇಟೆಗೆ ಹೋಗಿದ್ದ. ಹಿತ್ತಲ ಶೆಡ್ಡಿನಲ್ಲಿ ಬಸಗೊಂಡ ಕೊಲ್ಹಾಪುರದ ಕೇತನ ಎಂಬ ವ್ಯಾಪಾರಿಗೆ ಮಗ್ಗ ತೋರಿಸುತ್ತಿದ್ದ. ಮಾರುವುದನ್ನು ತಂದೆಗೆ ತಿಳಿಸಿರಲಿಲ್ಲ. ಸಿದ್ರಾಮ ಓಣಿಗೆ ಬಂದಾಗ ಮನೆ ಮುಂದೆ ಟೆಂಪೋ ನಿಂತಿತ್ತು. ಅದನ್ನು ನೋಡಿ ಅವನಿಗೆ ಅರ್ಥವಾಯಿತು. ಬೇಗಬೇಗ ಒಳಗೆ ಬಂದ.

ಕೋಣೆಯಲ್ಲಿ ಅನ್ನವ್ವ ಮಂಚದ ಮೇಲೆ ಕಾಲು ಚಾಚಿ, ಸೀರೆಯ ಸೆರಗನ್ನು ತೊಡೆಯ ಮೇಲೆ ಹಾಸಿಕೊಂಡು ಹೊಸೆಯುತ್ತಿದ್ದಳು. ತಿಂಗಳುಗಳಿಂದ ಇಲ್ಲದ ಕಳೆ ಅವಳ ಮುಖದಲ್ಲಿತ್ತು. ಸಾರಿಕಾ ಎಳೆ ಬಿಡಿಸಿ ಕೊಡುತ್ತಿದ್ದಳು. ನೆಲದಲ್ಲಿ ಪ್ರಾಜಕ್ತಾ ಕೂತು ಹಗ್ಗದ ತುಂಡನ್ನು ಎರಡೂ ಕೈಯಿಂದ ಹಿಂಜುತ್ತಿದ್ದಳು. ಕಿಟಕಿಯ ಬಿಸಿಲಿನಲ್ಲಿ ಬಿಳಿ ತುಪ್ಪುಳು ಹಾರುತ್ತಿತ್ತು. ಬಯಲಲ್ಲಿ ಹಾರುವ ಎಕ್ಕೆಯ ತುಪ್ಪುಳಿಗೆ ಮರಾಠಿ ಮಕ್ಕಳು ಮ್ಹಾತಾರಿ, ಅಂದರೆ ಮುದುಕಿ, ಎನ್ನುತ್ತಾರೆ. ಹಿಡಿದು ಊದುವುದು ಅವರ ಆಟ.

"ಆಜೋಬಾ, ಹೇ ಬಘಾ ಮ್ಹಾತಾರಿ!" ಅಜ್ಜಾ, ಮುದುಕಿ ನೋಡು ಎಂದು ಶಾಲೆಯ ಮರಾಠಿಯಲ್ಲಿ ಕೂಗಿ ಪ್ರಾಜಕ್ತಾ ಅಂಗೈಯ ಮೇಲಿದ್ದ ತುಪ್ಪುಳನ್ನು ಊದಿದಳು. ಅದು ಏಳುತ್ತ, ಇಳಿಯುತ್ತ ಅವಳ ಮುಖದ ಮುಂದೆಯೇ ಸುತ್ತಿತು. ಅವಳು ನಗುತ್ತ ಉಸಿರೆಳೆದಳು.

ಸಿದ್ರಾಮ ಕಾಯಿಪಲ್ಲೆಯ ಚೀಲ ಕೈಬಿಟ್ಟ. ಬಾಗಿಲ ಬಳಿ ತುಂಬಿಟ್ಟಿದ್ದ ನೀರಿನ ಕೊಡವನ್ನು ಎತ್ತಿ ಮೊಮ್ಮಗಳ ಮೇಲೆ, ಹಗ್ಗದ ಮೇಲೆ, ಅನ್ನವ್ವನ ತೊಡೆಯ ಮೇಲೆ ಸುರಿದುಬಿಟ್ಟ.

"ಅಪ್ಪಾ!" ಎಂದು ಸಾರಿಕಾ ಚೀರಿದಳು. "ತಲಿ ಕೆಟ್ಟೈತೇನ ನಿನಗ? ಅವ್ವಗ ಜಡ್ಡ ಐತಿ!"

"ಬಿಡ್ರಿ ಅದನ್ನ! ಎಲ್ಲಾರೂ ಬಿಡ್ರಿ! ಉಸಿರ ತಗೋಬ್ಯಾಡ್ರಿ, ಹೊರಗ ನಡೀರಿ!"

ಮಂಗಲ ಓಡಿ ಬಂದಳು. ಹಿತ್ತಲಿನಿಂದ ಬಸಗೊಂಡನೂ ಬಂದ, ಅವನ ಹಿಂದೆ ಕೇತನ ಬಾಗಿಲಲ್ಲಿ ಕತ್ತು ಚಾಚಿ ನಿಂತ. ಪ್ರಾಜಕ್ತಾ ಒದ್ದೆಯಾಗಿ ಅಳುತ್ತಿದ್ದಳು. ಅನ್ನವ್ವ ಮಾತ್ರ ಅಲುಗಾಡದೆ, ತೊಡೆಯ ಮೇಲಿನ ಒದ್ದೆ ಬತ್ತಿಯನ್ನು ನೋಡುತ್ತ ಕೂತಿದ್ದಳು.

"ಪತ್ರಾ ಅಲ್ಲ," ಎಂದ ಸಿದ್ರಾಮ. ಅವನ ದನಿ ಕವಾಯತಿನ ದನಿಯಾಗಿ ಶುರುವಾಗಿ ಅರ್ಧಕ್ಕೇ ಸೋತಿತು. "ಬಸೂನ ಪತ್ರಾ ಅಲ್ಲ. ಈ ಹಗ್ಗ. ಇದ ಆಸ್ಬೆಸ್ಟಾಸು. ನಾ ತಂದದ್ದು."

ಮಂಗಲ ಮಗಳನ್ನು ಎತ್ತಿಕೊಂಡು ಹೊರಗೆ ಹೋದಳು.

"ನಿನಗ ಯಾವಾಗ ಗೊತ್ತಾತು?" ಎಂದ ಬಸಗೊಂಡ.

"ಆ ನರ್ಸಬಾಯಿ ಬಂದಾಗ."

"ಆಕಿ ಬಂದು ತಿಂಗಳ ಆಗಾಕ ಬಂತು."

"ಹೌದು."

ಬಸಗೊಂಡ ಬೈಯುತ್ತಾನೆ, ಕೈ ಎತ್ತಿದರೂ ಎತ್ತಿಯಾನು ಎಂದು ಸಾರಿಕಾ ಹೆದರಿ ನಡುವೆ ಬಂದು ನಿಂತಳು. ಸಿದ್ರಾಮನಿಗೂ ಅದೇ ಬೇಕಿತ್ತು. ಬಸಗೊಂಡ ಹಿಂದೆ ತಿರುಗಿ, "ಕೇತನ ಶೇಠ, ನೀವು ಹೋಗ್ರಿ. ಮಗ್ಗ ಮಾರೂದಿಲ್ಲ," ಎಂದ. ಆಮೇಲೆ ಹೆಂಡತಿಗೆ ಕೇಳುವಂತೆ, "ಮಂಗಲಾ, ಆಕೀ ತಲಿ ತೊಳಿ, ಬಟ್ಟಿ ಬ್ಯಾರೆ ನೀರಾಗ ಹಾಕು," ಎಂದ. ತಂದೆಯ ಕಡೆ ನೋಡದೆ ತಾಯಿಯನ್ನು ಎರಡೂ ತೋಳಿನಲ್ಲಿ ಎತ್ತಿ ಅಂಗಳಕ್ಕೆ ಒಯ್ದು ಕುರ್ಚಿಯಲ್ಲಿ ಕೂರಿಸಿದ. ಅನ್ನವ್ವ ಅಷ್ಟು ಹಗುರಾಗಿದ್ದಾಳೆಂದು ಎತ್ತುವವರೆಗೆ ಅವನಿಗೂ ಗೊತ್ತಿರಲಿಲ್ಲ.

ಮೃಣಾಲಳಿಗೆ ಸಿದ್ರಾಮನೇ ಫೋನು ಮಾಡಿದ. ಅವಳು ಬೈಯಲಿಲ್ಲ. ಒದ್ದೆ ಮಾಡಿ, ಎರಡು ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿ, ಒಲೆಗೂ ಹೊಳೆಗೂ ಹಾಕದೆ ತನಗೆ ತಂದುಕೊಡಿ ಎಂದಳು.

"ಬ್ಯಾರೆ ಯಾರ್ಯಾರ ಮನ್ಯಾಗ ಐತ್ರಿ ಅಜ್ಜಾರ?"

"ಭಾಳ ಮಂದೀ ಮನ್ಯಾಗ ಐತ್ರಿ."

"ಯಾರ ಯಾರ ಹೊಸೀತಿದ್ರು, ಆವಾಗ ಬಾಜೂಕ ಯಾರ ಕುಂದರ್ತಿದ್ರು, ಅವರೆಲ್ಲಾರೂ ಬೇಕು ನಮಗ. ನೀವ ಹೇಳಬೇಕು, ನಮ್ಮ ಮಾತು ಯಾರೂ ನಂಬಂಗಿಲ್ಲ."

ಅದಾದ ಮೇಲೆ ಸಿದ್ರಾಮ ಎಸ್.ಟಿ. ಬಸ್ಸಿನಲ್ಲಿ ತಿರುಗಿದ. ಕೈಯಲ್ಲಿ ನೀರಿನ ಬಾಟಲಿ, ಚೀಲಗಳು. ಮೊದಲು ಸಾರಿಕಾಳ ಜೊತೆ ಗಡಹಿಂಗ್ಲಜ. ಸಾರಿಕಾಳ ಅತ್ತೆ ನಾಗೂಬಾಯಿ ದೇವರ ಜಗಲಿಗೆ ಅಡ್ಡ ನಿಂತಳು.

"ಹದಿನೆಂಟು ವರ್ಷ ಆತು ಈ ದೀಪಾ ಶಾಂತ ಮಾಡಿಲ್ಲ. ನೀವು ಮಾಡ್ತೀರಿ? ಆಮ್ಯಾಲ ನಮ್ಮ ಮನ್ಯಾಗ ಏನರ ಆದ್ರ?"

"ಆಗಬಾರದು ಅಂತನ ಬಂದೇನ್ರಿ ತಂಗಿ."

"ನೀವ ಕೊಟ್ರಿ, ನೀವ ವಿಷ ಅಂತೀರಿ. ನಾಳೆ ಮತ್ತೇನಂತೀರೋ."

"ಏನರ ಅನ್ರಿ ನನಗ. ಬತ್ತಿ ಕೊಡ್ರಿ."

ನಾಗೂಬಾಯಿ ಅನ್ನಬೇಕಾದದ್ದನ್ನೆಲ್ಲ ಅಂದಳು, ನೆರೆಯವರಿಗೆ ಕೇಳುವಷ್ಟು ದೊಡ್ಡದಾಗಿ ಅಂದಳು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡು, ಬತ್ತಿಯ ಮೇಲೆ ನೀರು ಹನಿಸಿ, ಚೀಲಕ್ಕೆ ಹಾಕಿಕೊಂಡ. ಮುರಗೂಡದಲ್ಲಿ ದುಂಡವ್ವ ಅಳಲಿಲ್ಲ, ಬೈಯಲಿಲ್ಲ. ಭಾವನಿಗೆ ಎಂದು ಹೂರಣದ ಹೋಳಿಗೆ ಮಾಡಿ ಬಡಿಸಿ, "ಅಕ್ಕ ಮತ್ತ ನಾನು ಅಟ್ಟದ ಮ್ಯಾಲ ಬಾಗಿಲಾ ಹಾಕ್ಕೊಂಡ ಹಿಂಜತಿದ್ವಿ ಮಾಮಾ, ಗಾಳಿಗೆ ಹಾರಬಾರದು ಅಂತ," ಎಂದಳು. ಸಿದ್ರಾಮ ಹೋಳಿಗೆ ಹಿಡಿದ ಕೈಯನ್ನು ತಾಟಿನಲ್ಲೇ ಇಟ್ಟುಕೊಂಡು ಕೂತ. ಯಾವ ಮನೆಗೆ ಹೋದರೂ ಅವನದು ಒಂದೇ ಮಾತು. "ನಾ ತಂದದ್ದು. ಕೊಲ್ಹಾಪುರಕ್ಕ ಬಂದು ಎದಿ ಫೋಟೋ ತಗಸ್ರಿ." ಹೇಳಿ ಹೇಳಿ ಆ ಮಾತು ಅವನಿಗೆ ತನ್ನ ನಂಬರು, ದರ್ಜೆ, ಹೆಸರು ಹೇಳಿದಷ್ಟು ಸಲೀಸಾಯಿತು. ಅಳು ಬರಬೇಕಿತ್ತು, ಬರುತ್ತಿರಲಿಲ್ಲ.

ಕೊಲ್ಹಾಪುರದ ಆ ಸಂಸ್ಥೆಯ ಬೆಂಚಿನ ಮೇಲೆ ಒಂದು ದಿನ ಇಡೀ ಮನೆತನದ ಹೆಣ್ಣುಮಕ್ಕಳು ಕೂತಿದ್ದರು. ಮದುವೆ ಮನೆಯಲ್ಲಿ ಸೇರಿದಂತೆ ಡಬ್ಬಿ ಬಿಚ್ಚಿ ಚಪಾತಿ ಹಂಚಿಕೊಂಡು ಉಂಡರು. ಸಾರಿಕಾಳ ಫೋಟೋದಲ್ಲಿ ಪುಪ್ಪುಸದ ಅಂಚಿಗೆ ಸಣ್ಣ ಗೀಟು ಕಂಡಿತು.

"ಇದು ಬ್ಯಾನಿ ಅಲ್ರಿ," ಎಂದಳು ಮೃಣಾಲ. "ಗುರ್ತು. ಒಳಗ ಹೋಗೇತಿ ಅನ್ನೂದಕ್ಕ ಗುರ್ತು. ವರ್ಷಾ ಬಂದು ತೋರಸ್ರಿ."

"ಎಷ್ಟ ವರ್ಷ?"

"ಇರೂಮಟಾ ರಿ."

"ಆತು ಬಿಡ್ರಿ," ಎಂದು ಸಾರಿಕಾ ಫೋಟೋವನ್ನು ಮಡಚದಂತೆ ಚೀಲದಲ್ಲಿಟ್ಟುಕೊಂಡಳು. ತಂದೆಯ ಕಡೆ ತಿರುಗಿ, "ಅಪ್ಪಾ, ಚಹಾ ಕುಡಿತಿ?" ಎಂದಳು. ಕುಡಿದರು. ಪ್ರಾಜಕ್ತಾಳ ಫೋಟೋ ಸ್ವಚ್ಛವಾಗಿತ್ತು, ಆದರೆ ಅವಳೂ ಪ್ರತಿವರ್ಷ ಬರಬೇಕು ಎಂದರು.

ಎಲ್ಲ ಮನೆಯ ಬತ್ತಿ ಬಂದರೂ ಅನ್ನವ್ವ ತನ್ನ ದೀಪವನ್ನು ಮುಟ್ಟಗೊಟ್ಟಿರಲಿಲ್ಲ. "ಮಂದೀದೆಲ್ಲಾ ಬರಲಿ. ನಂದು ಕಡೀಕ," ಎಂದಿದ್ದಳು. ಉಳಿದವರು ದೀಪವಿದ್ದ ಕೋಣೆಗೆ ಕಾಲಿಡದಂತೆ ಮಂಗಲ ಬಾಗಿಲು ಎಳೆದಿಟ್ಟಿದ್ದಳು. ಕೊಲ್ಹಾಪುರದಿಂದ ಮರಳಿದ ಮರುದಿನ ಬೆಳಿಗ್ಗೆ ಅನ್ನವ್ವ ಗಂಡನ ಹೆಗಲು ಹಿಡಿದು ದೇವರ ಜಗಲಿಗೆ ಬಂದಳು. ನಡೆದದ್ದು ನಾಲ್ಕು ಹೆಜ್ಜೆ, ಸುಧಾರಿಸಿಕೊಳ್ಳಲು ಗೋಡೆಗೆ ಒರಗಿ ಬಹಳ ಹೊತ್ತು ಕೂರಬೇಕಾಯಿತು.

"ಆ ನರ್ಸಬಾಯಿ ಮುಂದ ಇಲ್ಲ ಅಂದ್ರಿ," ಎಂದಳು. "ಆಮ್ಯಾಲೂ ಈ ದೀಪದ ಮುಂದ ಕುಂತು ದಿನಾ ಪೂಜಾ ಮಾಡಿದ್ರಿ. ಮನಸ ಹೆಂಗ ಬಂತ್ರಿ ನಿಮಗ?"

"ಗೊತ್ತಿಲ್ಲ."

"ನನಗರ ಹೇಳಬೇಕಿತ್ತು. ನನ್ನ ಕೈಲೇ ಹುಡುಗೀಗೆ ಹಗ್ಗಾ ಕೊಟ್ಟೆ."

ಅನ್ನವ್ವ ಬೆರಳುಗಳನ್ನು ನೀರಲ್ಲಿ ಅದ್ದಿ, ಬತ್ತಿಯ ತುದಿಯನ್ನು ಹಿಡಿದು ಶಾಂತ ಮಾಡಿದಳು. ಒದ್ದೆ ಬತ್ತಿಯನ್ನು ಗಂಡನ ಚೀಲಕ್ಕೆ ತಾನೇ ಹಾಕಿದಳು. ಮನೆಯ ಹಿಂದೆ ಮಗ್ಗಗಳು ಓಡುತ್ತಿದ್ದವು. ಹಳೆಯ ಇಬ್ಬರಲ್ಲಿ ಒಬ್ಬ ಮರಳಿ ಬಂದಿದ್ದ, ಇನ್ನೊಬ್ಬನ ಪಾಳಿಯನ್ನು ಬಸಗೊಂಡನೇ ದುಡಿಯುತ್ತಿದ್ದ.

"ಜಗಲಿ ಕತ್ತಲಿ ಇಡಬಾರದು," ಎಂದಳು. "ಬಸೂನ ಕಡೆ ಹೋಗಿ ನೂಲು ಇಸ್ಕೊಂಡ ಬರ್ರಿ."

ಪತ್ರಾದ ಜಗಳವಾದ ಮೇಲೆ ಸಿದ್ರಾಮ ಶೆಡ್ಡಿಗೆ ಕಾಲಿಟ್ಟಿರಲಿಲ್ಲ. ಹೋಗಿ ಬಾಗಿಲಲ್ಲಿ ನಿಂತ. ಬಸಗೊಂಡ ಮಗ್ಗದ ಮೇಲೆ ಬಾಗಿ ಹರಿದ ಎಳೆ ಜೋಡಿಸುತ್ತಿದ್ದ.

"ನಿಮ್ಮವ್ವಗ ನೂಲು ಬೇಕಂತ. ಬತ್ತಿಗೆ."

ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಬೇಕೆನ್ನುವಷ್ಟರಲ್ಲಿ, ಬಸಗೊಂಡ ಎದ್ದು ಬುಟ್ಟಿಯಿಂದ ನೂಲು ಸುತ್ತಿದ ಎರಡು ಕಾಂಡಿಗಳನ್ನು ಆರಿಸಿ ತಂದ. ತಂದೆಯ ಕೈಗೆ ಇಟ್ಟ.

"ಇಲ್ಲಿ ಧೂಳ ಐತಿ," ಎಂದ. "ಇನ್ನ ಮ್ಯಾಲ ಬರೂದಾದ್ರ ಮೂಗಿಗೆ ಅರಿವಿ ಕಟ್ಟಿಕೊಂಡ ಬಾ."

ಅಷ್ಟೇ ಮಾತು. ಸಿದ್ರಾಮ ಕಾಂಡಿಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದ.

ಅನ್ನವ್ವ ನೂಲನ್ನು ಬಿಚ್ಚಿ, ನಾಲ್ಕು ಬೆರಳಿಗೆ ಸುತ್ತಿ, ಹರಿದು, ತೊಡೆಯ ಮೇಲೆ ಇಟ್ಟು ಹೊಸೆದಳು. ಒಂದು ಬತ್ತಿಯನ್ನು ಎಣ್ಣೆಯಲ್ಲಿ ಅದ್ದಿ ಹಚ್ಚಿದಳು. ಅದರ ತುದಿ ಕೂಡಲೇ ಕಪ್ಪಾಯಿತು.

"ಇದು ಸುಡತೈತಿ," ಎಂದಳು. "ದಿನಕ್ಕೊಂದು ಬೇಕಾಗತೈತಿ." ಇನ್ನೊಂದು ಬತ್ತಿಗೆ ನೂಲು ಸುತ್ತಿದಳು. ಅದನ್ನು ಹೊಸೆದು ಪಕ್ಕಕ್ಕಿಟ್ಟಳು. "ಎಷ್ಟ ಮಾಡಿಡ್ಲಿ?"

"ಎಷ್ಟರ ಮಾಡು."

"ಡಾಕ್ಟರ್ ನಿಮ್ಮೊಬ್ರನ್ನ ಕುಂದರಿಸಿ ಹೇಳ್ಯಾರ. ಬಾಗಲಾ ತೆರದಿತ್ತು, ನೀವು ಹೊರಗ ಬಂದ ಮುಖಾ ನೋಡೇನಿ ನಾನು. ಎಷ್ಟ ಮಾಡಿಡ್ಲಿ ಹೇಳ್ರಿ."

ಏನೂ ಅಂದಿಲ್ಲ ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಚೀಲದಲ್ಲಿದ್ದ ಒದ್ದೆ ಬತ್ತಿಯನ್ನು ನೋಡಿದ.

"ದೀಪಾವಳಿ ಮಟಾ ಅಂದಾರ."

ಅನ್ನವ್ವನ ಕೈ ನಿಂತಿತು. ಹಿಂದೆ ಮಗ್ಗಗಳು ಓಡುತ್ತಲೇ ಇದ್ದವು.

"ದೀಪಾವಳಿ ಹಿಡದೋ, ಬಿಟ್ಟೋ?"

"ಅದನ್ನ ಹೇಳಿಲ್ಲ."

"ಹಂಗಾದ್ರ ಹಿಡದ ಮಾಡೂಣು," ಎಂದಳು ಅನ್ನವ್ವ, ನೂಲಿನ ಒಂದು ತುದಿಯನ್ನು ಅವನ ಕಡೆ ಚಾಚಿ. "ಅದರ ಮ್ಯಾಲಿನೂವು ನಿಮ್ಮ ಕೈಲೇ ಆಗಬೇಕು. ಹಿಡಕೋರಿ. ಇಷ್ಟ ಬಿಗಿ ಬ್ಯಾಡ್ರಿ, ಹರೀತೈತಿ."

ಸಿದ್ರಾಮ ನೂಲನ್ನು ಸಡಿಲಾಗಿ ಹಿಡಿದುಕೊಂಡ.